ಒಂದು ಸುತ್ತು

ಹೊಳೆ ಕಡಲು ಸೇರುವಲ್ಲಿ ಜಟ್ಟಪ್ಪ ಮಾಸ್ತರರ ಚಪ್ಪರವಿತ್ತು. ಅಲ್ಲಿ ಅವರು ಮಕ್ಕಳಿಗೆ ಹಾಯಿದೋಣಿ ನಡೆಸಲು ಕಲಿಸುತ್ತಿದ್ದರು. ಊರವರು ಅದನ್ನು ಆಶ್ರಮ ಎಂದು ಕರೆದು ನಗುತ್ತಿದ್ದರು. ಗುರು ಮಾತಾಡುವುದೇ ಅಪರೂಪ ಎಂದು.

ಅಲ್ಲಿ ಕಲಿತವಳು ಮಾದೇವಿ. ಮೂರು ಒಲಿಂಪಿಕ್ಸ್ ಕಂಡವಳು. ಮೊದಲನೆಯದರಲ್ಲಿ ಎಲ್ಲರಿಗಿಂತ ಹಿಂದೆ. ಎರಡನೆಯದರಲ್ಲಿ ಚಿನ್ನ. ಮೂರನೆಯದರಲ್ಲಿ ನಾಲ್ಕನೆಯವಳಾಗಿ, ಬರಿಗೈಯಲ್ಲಿ ಮನೆಗೆ ಬಂದು, ಸ್ಪರ್ಧೆಗೆ ಕೈಮುಗಿದವಳು.

ಬಹಳ ವರ್ಷಗಳ ಮೇಲೆ ಒಂದು ಬೆಳಿಗ್ಗೆ ಅವಳು ಚಪ್ಪರಕ್ಕೆ ಬಂದಳು.

ಮಾಸ್ತರರು ಹಾಯಿಗೆ ತೇಪೆ ಹಾಕುತ್ತಿದ್ದರು. ತಲೆ ಎತ್ತಲಿಲ್ಲ.

"ದಪ್ಪಗಾಗಿದ್ದೀಯ," ಎಂದರು.

"ನೋಡದೆ ಹೇಗೆ ಗೊತ್ತಾಯಿತು, ಮಾಸ್ತರೇ?"

"ಮರಳು ಹೇಳಿತು."

ಮಾದೇವಿ ನಕ್ಕಳು.

ಅದೇ ಮೀನೆಣ್ಣೆಯ ವಾಸನೆ. ಅದೇ ಒದ್ದೆ ಹಗ್ಗ. ಮೂಲೆಯಲ್ಲಿ ಅದೇ ಗಂಜಿಯ ಪಾತ್ರೆ. ಚಿಕ್ಕವಳಿದ್ದಾಗ ಒಂದು ಮಳೆಗಾಲ ಪೂರ್ತಿ ಇಲ್ಲಿ ಕೂತು ಹಗ್ಗಕ್ಕೆ ಗಂಟು ಹಾಕಿದ್ದಳು. "ಹಾಯಿ ಯಾವಾಗ ಮುಟ್ಟಲಿ?" ಎಂದು ಕೇಳಿದಾಗಲೆಲ್ಲ ಮಾಸ್ತರರು ಗಂಟು ಬಿಚ್ಚಿ ಹಗ್ಗವನ್ನು ಮತ್ತೆ ಅವಳ ಕೈಗೇ ಕೊಡುತ್ತಿದ್ದರು. ಆಗ ಅಳು ಬರುತ್ತಿತ್ತು. ಆಮೇಲೆ ದೊಡ್ಡ ದೊಡ್ಡ ಊರುಗಳ ಹೋಟೆಲುಗಳಲ್ಲಿ ಮಲಗಿದಾಗ ಆ ಮಳೆಗಾಲವೇ ಬೇಕೆನಿಸುತ್ತಿತ್ತು.

"ಪೇಟೆಯಲ್ಲಿ ಮಕ್ಕಳಿಗೆ ಹಾಯಿದೋಣಿ ಕಲಿಸಲು ಒಪ್ಪಿಕೊಂಡಿದ್ದೇನೆ. ನಾಳೆ ಶುರು."

"ಒಳ್ಳೆಯದು."

"ಒಳ್ಳೆಯದಲ್ಲ. ಒಂದು ನಿಯಮ ಹೇಳಿಕೊಡಲು ನಾಲಿಗೆ ಏಳುತ್ತಿಲ್ಲ."

ಮಾಸ್ತರರು ಸೂಜಿಯನ್ನು ಹಾಯಿಗೆ ಚುಚ್ಚಿಟ್ಟು ಎದ್ದರು.

"ದೋಣಿ ಎಳೆ."

ಅದು ಅವಳು ಕಲಿತ ದೋಣಿಯೇ. ಬಣ್ಣ ಹೋಗಿತ್ತು. ಹಲಗೆಗಳು ಮುದುಕರ ಹಾಗೆ ನರಳುತ್ತಿದ್ದವು. ಹೊಳೆಬಾಯಿ ದಾಟುವಾಗ ಕಾಲಡಿ ನೀರು ಜಿನುಗಿತು.

"ಇದಿನ್ನೂ ತೇಲುತ್ತದಾ, ಮಾಸ್ತರೇ?"

"ನೀನು ಕಾಲಿಡುವ ತನಕ ತೇಲುತ್ತಿತ್ತು."

ಚುಕ್ಕಾಣಿ ಅವಳ ಕೈಯಲ್ಲಿತ್ತು. ಮಾಸ್ತರರು ಮುಂದೆ, ಅವಳಿಗೆ ಬೆನ್ನು ಹಾಕಿ ಕೂತರು. ಎಂದಿನಂತೆ.

"ಯಾವ ನಿಯಮ?"

"ತಿರುವಿನ ಗುರುತಿಗೆ ತೇಲಿಬಿಟ್ಟ ಚೆಂಡಿಗೆ ದೋಣಿ ತಾಗಿದರೆ, ನಾವಾಗಿಯೇ ದೋಣಿಯನ್ನು ಪೂರ್ತಿ ಒಂದು ಸುತ್ತು ತಿರುಗಿಸಬೇಕು. ಆಮೇಲೆ ಮುಂದೆ ಹೋಗಬೇಕು. ಯಾರೂ ಸೀಟಿ ಊದಬೇಕಾಗಿಲ್ಲ."

"ನಾನೇ ಕಲಿಸಿದ್ದು."

"ಅದಕ್ಕೇ ನಿಮ್ಮ ಮೇಲೆ ಸಿಟ್ಟು."

ಮಾಸ್ತರರು ಗಂಟಲಲ್ಲೇ ನಕ್ಕರು. ಬೆನ್ನು ಅಲುಗಿದ್ದು ಅವಳಿಗೆ ಕಂಡಿತು.

"ಕೊನೆಯ ಒಲಿಂಪಿಕ್ಸಿನ ಕೊನೆಯ ಓಟ," ಎಂದಳು ಮಾದೇವಿ. "ನಾನು ಎಲ್ಲರಿಗಿಂತ ಮುಂದಿದ್ದೆ. ಕೊನೆಯ ಚೆಂಡನ್ನು ಬಳಸುವಾಗ ದೋಣಿಯ ಹಿಂಬದಿ ಅದನ್ನು ಸವರಿತು. ಬೆರಳು ತಾಗಿದಷ್ಟು. ತೀರ್ಪುಗಾರರು ಆಚೆ ಬದಿಗಿದ್ದರು. ಹಿಂದಿನವರ ಕಣ್ಣಿಗೆ ಅವರವರ ಹಾಯಿಯೇ ಅಡ್ಡ. ಯಾರೂ ನೋಡಲಿಲ್ಲ, ಮಾಸ್ತರೇ. ಆದರೂ ತಿರುಗಿಸಿದೆ. ಮೂವರು ಹಾದುಹೋದರು. ಪದಕವೂ ಅವರ ಜೊತೆಗೇ ಹೋಯಿತು."

"ಹೂಂ."

"ಪೇಪರಿನವರು ಕೇಳಿದರು, ಯಾಕೆ ಅಂತ. ಅಮ್ಮ ಕೇಳಿದಳು, ತಲೆ ಕೆಟ್ಟಿತ್ತಾ ಅಂತ. ನೀವೊಬ್ಬರೇ ಏನೂ ಕೇಳಲಿಲ್ಲ. ಸರಿ ಮಾಡಿದೆ ಅಂತಲೂ ಹೇಳಲಿಲ್ಲ."

"ಹೇಳಿದ್ದರೆ?"

"ನಿದ್ದೆ ಬರುತ್ತಿತ್ತು."

ದೋಣಿ ಸಾಗಿತು.

"ಈಗಲಾದರೂ ಹೇಳಿ. ತಿರುಗಿಸಬೇಕಿತ್ತಾ? ನನಗೇ ಗೊತ್ತಿಲ್ಲದ್ದನ್ನು ಇಟ್ಟುಕೊಂಡು ನಾಳೆ ಆ ಮಕ್ಕಳ ಮುಂದೆ ಹೇಗೆ ನಿಲ್ಲಲಿ?"

"ಚಿನ್ನ ಬಂದ ದಿನ ಕಡಲು ಹೇಗಿತ್ತು?"

ಮಾದೇವಿ ಯೋಚಿಸಿದಳು. "ನೆನಪಿಲ್ಲ. ಮುಗಿಯುವ ಗೆರೆ ಒಂದೇ ಕಾಣುತ್ತಿತ್ತು."

"ಸುತ್ತು ತಿರುಗಿಸಿದ ದಿನ?"

ಮಾದೇವಿ ಕಣ್ಣೆತ್ತಿ ದೂರದ ನೀರನ್ನು ನೋಡಿದಳು.

"ಮೊದಲು ದಡ ಕಂಡಿತು. ಕೆಂಪು ಕೊಡೆ ಹಿಡಿದ ಒಬ್ಬ ಹೆಂಗಸು ನಿಂತಿದ್ದಳು. ಆಮೇಲೆ ಬೆಟ್ಟ. ಆಮೇಲೆ ಹಿಂದಿದ್ದವರೆಲ್ಲ ಎದುರಿಗೆ ಬಂದರು, ಹಾಯಿ ತುಂಬಿಕೊಂಡು. ಅಷ್ಟು ವರ್ಷ ಅವರ ಜೊತೆ ಸೆಣಸಿದ್ದೆ, ದೋಣಿಯ ಮೇಲೆ ಅವರ ಮುಖ ನೋಡಿರಲಿಲ್ಲ. ಒಬ್ಬಳು ನಾಲಿಗೆ ಕಚ್ಚಿಕೊಂಡು ಹಗ್ಗ ಎಳೆಯುತ್ತಿದ್ದಳು, ಕೂಸಿನ ಹಾಗೆ. ಆಮೇಲೆ ಬರೀ ನೀರು. ಮೇಲೆಲ್ಲ ಬಿಸಿಲು. ನೀರು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂದೇ ತಿಳಿಯಲಿಲ್ಲ."

ಅವಳ ದನಿ ಇಳಿಯಿತು.

"ಎಷ್ಟು ಚೆನ್ನಾಗಿತ್ತು, ಮಾಸ್ತರೇ."

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.

ಮಾಸ್ತರರು ಮೆಲ್ಲಗೆ ಎದ್ದು, ಅವಳ ಕಡೆ ಮುಖ ಮಾಡಿ ಕೂತರು. ಎರಡೂ ಕೈಗಳಿಂದ ದೋಣಿಯ ಅಂಚನ್ನು ಭದ್ರವಾಗಿ ಹಿಡಿದುಕೊಂಡರು.

"ತಿರುಗಿಸು," ಎಂದರು.

"ಇಲ್ಲಿ ಏನೂ ತಾಗಿಲ್ಲವಲ್ಲ?"

"ನೀನು ನೋಡಿದ್ದನ್ನು ನಾನಿನ್ನೂ ನೋಡಿಲ್ಲ."