ಸೊಳ್ಳೆ ಕೋಣೆ ಖಾಲಿ ಮಾಡಿದ್ದು

ಜಿಲ್ಲೆಯ ಜ್ವರ ಸಂಶೋಧನಾ ಕೇಂದ್ರದಲ್ಲಿ ಸಿದ್ದಾಜಮ್ಮ ಅಟೆಂಡರ್. ಡಾಕ್ಟರು ಹಳ್ಳಿಗಳಿಂದ ಹಿಡಿದು ತಂದ ಸೊಳ್ಳೆಗಳನ್ನು ಪರದೆಯ ಪೆಟ್ಟಿಗೆಯಲ್ಲಿ ಸಾಕುವುದು ಅವಳ ಕೆಲಸ. ಹಿಂದಿನ ಮಳೆಗಾಲದಲ್ಲಿ ಅವಳ ಬೀದಿಯಲ್ಲೇ ಹೆಸರು ಗೊತ್ತಿಲ್ಲದ ಜ್ವರಕ್ಕೆ ಮೂವರು ಸತ್ತಿದ್ದರು. ಹಾಗಾಗಿ ಆ ಕೆಲಸವನ್ನು ಅವಳು ಹಗುರವಾಗಿ ಕಂಡವಳಲ್ಲ.

ಒಂದು ಬೆಳಿಗ್ಗೆ ಅನುದಾನ ಸಮಿತಿಯ ಅಧ್ಯಕ್ಷ ಪರಮಶಿವಯ್ಯನವರು ತಪಾಸಣೆಗೆ ಬಂದರು. ಸೊಳ್ಳೆ ಕೋಣೆಯಲ್ಲೇ ಕುರ್ಚಿ ಹಾಕಿಸಿಕೊಂಡು ಕೂತು ಡಾಕ್ಟರಿಗೆ ಜೋರು ಮಾಡಿದರು.

“ಜನರ ದುಡ್ಡಲ್ಲಿ ಸೊಳ್ಳೆ ಸಾಕ್ತೀರೇನ್ರೀ? ಅನುದಾನ ರದ್ದು! ಈ ಕೋಣೆ ಇವತ್ತೇ ಖಾಲಿಯಾಗಬೇಕು.”

ಸಿದ್ದಾಜಮ್ಮ ಸೆರಗು ಸಿಕ್ಕಿಸಿಕೊಂಡು ಪೆಟ್ಟಿಗೆಯ ಹತ್ತಿರ ಹೋದಳು. ಪರದೆಗೆ ಕಟ್ಟಿದ್ದ ದಾರದ ಗಂಟಿಗೆ ಕೈ ಹಾಕಿದಳು.

“ಏನಮ್ಮಾ ಮಾಡ್ತಿದ್ದೀಯ?” ಎಂದರು ಅಧ್ಯಕ್ಷರು.

“ಖಾಲಿ ಮಾಡ್ತಿದ್ದೀನಿ ಸ್ವಾಮಿ. ನೀವೇ ಅಂದ್ರಲ್ಲ.”

ಅಧ್ಯಕ್ಷರು ಕುರ್ಚಿಯಿಂದ ಎದ್ದೇಬಿಟ್ಟರು. “ತಡಿ, ತಡಿ! ಇವು ಕಚ್ಚಿದ್ರೆ ಆ ಜ್ವರ ಬರುತ್ತಾ?”

“ಅದಿನ್ನೂ ಗೊತ್ತಾಗಿಲ್ಲ ಸ್ವಾಮಿ. ಅದನ್ನ ಕಂಡುಹಿಡಿಯೋಕೇ ಡಾಕ್ಟರು ದುಡ್ಡು ಕೇಳಿರೋದು.”

ಅವಳ ಮಾತು ಮುಗಿಯುವಷ್ಟರಲ್ಲಿ ಅಧ್ಯಕ್ಷರು ಬಾಗಿಲಾಚೆ ಇದ್ದರು. ಡಾಕ್ಟರ ಮನವಿಯನ್ನು ಅಂಗಳಕ್ಕೇ ತರಿಸಿಕೊಂಡು, ಕಾರಿನ ಬಾನೆಟ್ ಮೇಲಿಟ್ಟು, ಮೂರು ವರ್ಷದ ಅನುದಾನಕ್ಕೆ ಸಹಿ ಹಾಕಿದರು. ಕಾರು ಹೊರಟಾಗ ಕಿಟಕಿಯ ಗಾಜನ್ನು ಬೆರಳಿನಷ್ಟು ಮಾತ್ರ ಇಳಿಸಿ ಕೂಗಿದರು.

“ಬೇಗ ಕಂಡುಹಿಡೀರಿ ಡಾಕ್ಟ್ರೇ! ದುಡ್ಡು ಸಾಲದಿದ್ರೆ ಕಾಗದ ಬರೀರಿ, ಕಳಿಸ್ತೀನಿ. ನಾನು ಮಾತ್ರ ಬರಲ್ಲ!”