ಗರಿ ತಿಂದ ಆಡಿನ ಹಾಲು

ಬೆಟಗೇರಿಯ ಕ್ರೈಸ್ತ ದೇವಾಲಯದ ಹಿಂದೆ, ಇಳಿಹೊತ್ತಿನಲ್ಲಿ ಗಂಟೆಗೋಪುರದ ನೆರಳು ಬಂದು ತಾಗುವಷ್ಟು ಹತ್ತಿರದಲ್ಲಿ, ಒಂದೇ ಕೋಣೆಯ ಹೆಂಚಿನ ಮನೆಯಿತ್ತು. ಸಭಾಪಾಲನೆಯಿಂದ ನಿವೃತ್ತರಾದ ಪೂಜ್ಯ ಗಮಲಿಯೇಲ ಅಯ್ಯನವರು ತಮ್ಮ ಕೊನೆಯ ವರ್ಷಗಳನ್ನು ಆ ಕೋಣೆಯಲ್ಲಿಯೇ ಕಳೆದರು. ಒಂದು ಹೊರಸು, ಒಂದು ಸ್ಟೋವು, ಒಂದು ಮಣ್ಣಿನ ಹೂಜಿ. ಉಳಿದ ಜಾಗವೆಲ್ಲ ಪುಸ್ತಕಗಳದ್ದು. "ಅಯ್ಯಗೋಳ ಮನ್ಯಾಗ ಇಲಿ ಸೈತ ಅಪ್ಪಣೆ ಕೇಳಿ ಒಳಗ ಬರತಾವ" ಎಂದು ಸಭೆಯವರು ನಗುತ್ತಿದ್ದರು. ಅಷ್ಟೊಂದು ಓದಿದವರಾದರೂ ಅವರ ಮಾತು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಬಂದಿತ್ತು. ಕಡಿಮೆಯಾದಷ್ಟೂ ಜನ ಅದನ್ನು ಕಿವಿಗೊಟ್ಟು ಕೇಳುತ್ತಿದ್ದರು.

ಆ ಸಭೆಗೆ ಸೊಸೆಯಾಗಿ ಬಂದವಳು ಲುದಿಯಾ. ಹುಟ್ಟಿದ್ದು ಮಲ್ಪೆಯ ಕಡಲ ದಂಡೆಯಲ್ಲಿ. ಕುಚ್ಚಲಕ್ಕಿ ಗಂಜಿ, ಮೀನುಸಾರು ಬಿಟ್ಟರೆ ಬೇರೆ ಅಡಿಗೆ ಅರಿಯದವಳು. ಗಂಡ ಸಿಲ್ವಾನಪ್ಪ ಶಾಲಾ ಮಾಸ್ತರ. ದೇವಾಲಯದಲ್ಲಿ ಹಾಡಿನ ತಂಡವನ್ನು ನಡೆಸುವವನು. ಲುದಿಯಾಳಿಗೆ ಜೋಳದ ರೊಟ್ಟಿ ಬಡಿಯುವುದನ್ನು ಕಲಿಸಿದವಳು ಪಕ್ಕದ ಮನೆಯ ಗಂಗವ್ವ, ನೇಕಾರ ವೀರಭದ್ರಪ್ಪನ ಹೆಂಡತಿ. ಎರಡು ಮನೆಗಳ ಹಿತ್ತಲಿನ ನಡುವಿನ ಗೋಡೆಯಲ್ಲಿ ಒಂದು ಸಣ್ಣ ದಿಡ್ಡಿ ಬಾಗಿಲಿತ್ತು. ಅದರಿಂದ ಗಂಗವ್ವ ಬಗ್ಗಿ ಒಳಗೆ ಬರುವಳು, ಹಿಟ್ಟು ನಾದುವಳು, ಬೈಯುವಳು, ನಗುವಳು. ಲುದಿಯಾ ಮೊದಲ ಸಲ ದುಂಡಗೆ ಒಂದು ರೊಟ್ಟಿ ಬಡಿದಾಗ ಗಂಗವ್ವ ಒಂದು ತುತ್ತು ಮುರಿದು ಬಾಯಿಗಿಟ್ಟು, "ಅಡ್ಡಿಯಿಲ್ಲ" ಎಂದಳು. ಲುದಿಯಾ ಒಲೆಯ ಮುಂದೆಯೇ ಕೂತು ಅತ್ತುಬಿಟ್ಟಳು.

"ಅಯ್ಯ, ಯಾಕ ಅಳತಿ ತಂಗಿ?"

"ಇಷ್ಟು ಕಷ್ಟಪಟ್ಟು ಮಾಡಿದ್ದೇನೆ. ಬರೀ ಅಡ್ಡಿಯಿಲ್ಲ ಅಂತೀರಲ್ಲ ಅಕ್ಕ!"

ಗಂಗವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಹುಚ್ಚವ್ವ! ನಮ್ಮ ಕಡೆ ಅದಕ್ಕಿಂತ ಮ್ಯಾಲಿನ ಮಾತ ಇಲ್ಲ. ನನ್ನ ಗಂಡಗೂ ನಾ ಇನ್ನೂ ಅಷ್ಟು ಅಂದಿಲ್ಲ."

ಹೀಗಿದ್ದ ದಿಡ್ಡಿಗೆ ಮೊಳೆ ಬಿದ್ದದ್ದು ಒಂದು ಆಡಿನ ಕಾರಣದಿಂದ.

ಗರಿಗಳ ಭಾನುವಾರ ಸಭೆಯವರು ಗರಿ ಎತ್ತಿ ಹಿಡಿದು ಬೀದಿಯಲ್ಲಿ ಹಾಡುತ್ತ ಸಾಗುವ ಮೆರವಣಿಗೆಗೆಂದು ಸಿಲ್ವಾನಪ್ಪ ಈಚಲ ಗರಿಗಳನ್ನು ತರಿಸಿ, ನೀರು ಚಿಮುಕಿಸಿ, ಹಿತ್ತಲಲ್ಲಿ ಪೇರಿಸಿಟ್ಟಿದ್ದ. ದಿಡ್ಡಿ ತೆರೆದೇ ಇತ್ತು. ಬೆಳಗಾಗುವಷ್ಟರಲ್ಲಿ ಗಂಗವ್ವನ ಆಡು ಅದರಿಂದ ನುಗ್ಗಿ, ಗರಿಗಳ ಎಲೆಯನ್ನೆಲ್ಲ ಮೇದು ಬರೀ ದಂಟು ಉಳಿಸಿತ್ತು. ಬೇರೆ ತರಲು ಹೊತ್ತಿರಲಿಲ್ಲ. ಅಂದು ಸಭೆಯವರು ದಂಟನ್ನೇ ಎತ್ತಿ ಹಿಡಿದು "ಹೊಸನ್ನ" ಎಂದು ಹಾಡಿದರು. ಅಗಸಿ ಬಾಗಿಲಲ್ಲಿ ಯಾರೋ, "ಕ್ರಿಸ್ತಾನರು ಬಡಿಗಿ ತಗೊಂಡು ಯಾರನ್ನ ಹೊಡೀಲಿಕ್ಕೆ ಹೊಂಟಾರ?" ಎಂದು ಕೂಗಿದರು. ಬೀದಿಯೇ ನಕ್ಕಿತು. ಸಿಲ್ವಾನಪ್ಪ ಮನೆಗೆ ಬಂದವನೇ ಗಂಗವ್ವನಿಗೆ ಆಡಬಾರದ್ದನ್ನೆಲ್ಲ ಆಡಿದ. ದಿಡ್ಡಿಗೆ ಹಲಗೆ ಅಡ್ಡವಿಟ್ಟು ಮೊಳೆ ಹೊಡೆದ. "ಇನ್ನ ಆ ಮನಿ ಮಾತು ಈ ಮನ್ಯಾಗ ಬೇಡ" ಎಂದ.

ಅಲ್ಲಿಂದ ಲುದಿಯಾಳಿಗೆ ಮನೆ ಅರ್ಧವಾಯಿತು. ನಳದ ಹತ್ತಿರ ಎದುರಾದರೆ ಇಬ್ಬರು ಹೆಂಗಸರೂ ತಮ್ಮ ತಮ್ಮ ಕೊಡ ನೋಡುತ್ತ ನಿಲ್ಲುವರು. ಎರಡು ಗರಿಗಳ ಭಾನುವಾರಗಳು ಹಾಗೆಯೇ ಕಳೆದವು.

ಮೂರನೆಯ ವರ್ಷ ಸಭೆಗೆ ಹೊಸ ಹಿರಿಯರನ್ನು ಆರಿಸುವ ಮಾತು ಬಂತು. ಸಿಲ್ವಾನಪ್ಪನ ಹೆಸರು ಎಲ್ಲರ ಬಾಯಲ್ಲಿತ್ತು. ಅವನಿಗೂ ಆಸೆ. ಮಾಡುವುದಾದರೆ ಓದಿ ತಿಳಿದೇ ಮಾಡಬೇಕು ಎಂಬ ಹಟವೂ ಇತ್ತು. ಒಂದು ಸಂಜೆ ಹೆಂಡತಿಯನ್ನು ಕರೆದುಕೊಂಡು ಅಯ್ಯನವರ ಕೋಣೆಗೆ ಹೋದ.

"ಅಯ್ಯನವರ, ಹಿರಿತನದ ವಿಷಯದಾಗ ನಾ ಯಾವ ಯಾವ ಪುಸ್ತಕ ಓದಬೇಕು? ನೀವು ಹೇಳಿದ್ದನ್ನೆಲ್ಲ ಓದತೀನಿ."

ಅಯ್ಯನವರ ಮುಖ ಅರಳಿತು. ಪುಸ್ತಕ ಕೇಳಿಕೊಂಡು ಬರುವವರೆಂದರೆ ಅವರಿಗೆ ಹಬ್ಬ. ಮೆಲ್ಲಗೆ ಎದ್ದು ಮೂರನ್ನು ಆರಿಸಿ, ಧೂಳು ಊದಿ ಹೊರಸಿನ ಮೇಲಿಟ್ಟರು. ಒಂದು ಆದಿಸಭೆಯ ಹಿರಿಯರ ಚರಿತ್ರೆ, ಒಂದು ರೋಗಿಗಳನ್ನೂ ದುಃಖಿಗಳನ್ನೂ ಸಂಧಿಸುವ ಬಗೆ, ಮತ್ತೊಂದು ಕುರುಬನ ಕೆಲಸವನ್ನೇ ಕುರಿತದ್ದು. "ಮೂರೂ ಚಲೋ ಅದಾವ" ಎಂದರು. ಆಮೇಲೆ ಕೈ ಅವುಗಳ ಮೇಲೆಯೇ ಇಟ್ಟು, "ಆದರ ಮೊದಲು ಒಂದು ಸಾಲು. ಪೌಲನು ತಿಮೊಥೆಯನಿಗೆ ಬರೆದದ್ದು" ಎಂದರು.

ಸಿಲ್ವಾನಪ್ಪನಿಗೆ ಅದು ಬಾಯಿಪಾಠ. ಸಭೆಯನ್ನು ನೋಡಿಕೊಳ್ಳುವವನು ಹೇಗಿರಬೇಕೆಂದು ಒಂದೊಂದೇ ಗುಣ ಹೇಳುತ್ತ ಹೋದ. ಕೊನೆಗೆ, ಹೊರಗಿನವರೂ ಅವನನ್ನು ಒಳ್ಳೆಯವನು ಎನ್ನಬೇಕು ಎಂಬಲ್ಲಿಗೆ ಬಂದ.

"ಅದ ಸಾಲು" ಎಂದರು ಅಯ್ಯನವರು. "ಹೊರಗಿನವರು ಏನಂತಾರ, ಕೇಳಿಕೊಂಡು ಬರ್ರಿ. ಪುಸ್ತಕ ಎಲ್ಲಿಗೂ ಓಡಿ ಹೋಗೂದಿಲ್ಲ."

ಸಿಲ್ವಾನಪ್ಪ ತಡಮಾಡಲಿಲ್ಲ. ಶನಿವಾರ ಹುಬ್ಬಳ್ಳಿಗೆ ಹೋದ, ಅಲ್ಲಿಂದ ಧಾರವಾಡಕ್ಕೆ. ಮರುದಿನ ಸಂಜೆ ಗೆದ್ದವನಂತೆ ಮತ್ತೆ ಅಯ್ಯನವರ ಮುಂದೆ ಬಂದು ಕೂತ. ಲುದಿಯಾಳೂ ಜೊತೆಗಿದ್ದಳು.

"ಕೇಳಿ ಬಂದೆ, ಅಯ್ಯನವರ. ಹುಬ್ಬಳ್ಳಿ ಸಭೆಯವರು ಹೊಗಳಿದ್ದೇ ಹೊಗಳಿದ್ದು. ಧಾರವಾಡದವರಂತೂ, ಇಂಥವರು ನಮ್ಮಲ್ಲಿ ಇಲ್ಲಲ್ಲ ಅಂದರು."

ಅಯ್ಯನವರಿಗೆ ನಗು ಬಂತು. ಕೆಮ್ಮು ಬರುವವರೆಗೂ ನಕ್ಕರು. ಲುದಿಯಾ ಹೂಜಿಯಿಂದ ನೀರು ಬಗ್ಗಿಸಿ ಕೊಟ್ಟಳು. ಏಕೆ ನಗುತ್ತಿದ್ದಾರೆಂದು ಗಂಡನಿಗೆ ತಿಳಿಯದಿದ್ದರೂ ಅವಳಿಗೆ ತಿಳಿದಿತ್ತು. ಸೆರಗಿನಲ್ಲಿ ತನ್ನ ನಗುವನ್ನೂ ಒರೆಸಿಕೊಂಡಳು. ಪಾಪ, ಹೊರಗಿನವರೆಂದರೆ ಸಭೆಯ ಹೊರಗಿನವರಲ್ಲ, ಹೊರಗೂರಿನವರೆಂದು ತಿಳಿದಿದ್ದ ಮಾಸ್ತರ!

ಅಯ್ಯನವರು ಬಿಡಿಸಿ ಹೇಳಲಿಲ್ಲ. ಸ್ಟೋವು ಹಚ್ಚಿ, ತಾವೇ ಚಹಾ ಕಾಸಿ, ಎರಡು ಬಟ್ಟಲಲ್ಲಿ ಕೊಟ್ಟರು. ಪ್ರಯಾಣದ ದಣಿವಿಗೆ ಆ ಚಹಾ ಅಮೃತವಾಗಿತ್ತು. ಸಿಲ್ವಾನಪ್ಪ ಬಟ್ಟಲು ಬರಿದುಮಾಡಿ, "ಭಾರೀ ಚಲೋ ಆಗೇತ್ರಿ. ಹಾಲು ಎಲ್ಲಿದು?" ಎಂದ.

"ಆಡಿಂದು. ಗಂಗವ್ವ ದಿನಾ ತಂದು ಕೊಡತಾಳ. ರೊಕ್ಕ ಮುಟ್ಟೂದಿಲ್ಲ."

ಸಿಲ್ವಾನಪ್ಪ ಬಟ್ಟಲನ್ನು ಕೆಳಗಿಟ್ಟ. "ಆ ಆಡ?"

"ಅದ ಆಡು" ಎಂದರು ಅಯ್ಯನವರು. ಮೂರು ಪುಸ್ತಕಗಳ ಮೇಲೆ ಮತ್ತೆ ಕೈಯಿಟ್ಟು, ಬಹಳ ಮೆತ್ತಗೆ ಹೇಳಿದರು: "ಸಿಲ್ವಾನಪ್ಪ, ಅದು ನಮ್ಮ ಗರಿ ತಿಂದು ಹಾಲು ಕೊಟ್ಟಿತು. ಇಷ್ಟು ವರ್ಷ ವಾಕ್ಯ ತಿಂದವರು ನಾವು ಏನು ಕೊಟ್ಟಿವಿ?"

ಅಷ್ಟೇ. ಸಿಲ್ವಾನಪ್ಪ ತಲೆ ತಗ್ಗಿಸಿದ. ಅವನು ಎದ್ದು, ಪುಸ್ತಕಗಳನ್ನು ಮುಟ್ಟದೆ, ಅಯ್ಯನವರ ಕೈ ಹಿಡಿದು ಕಣ್ಣಿಗೊತ್ತಿಕೊಂಡು ಹೊರಗೆ ಬಂದ.

ಮನೆಗೆ ಬಂದವನು ಅಂಗಿ ಕೂಡ ಬಿಚ್ಚಲಿಲ್ಲ. ಸುತ್ತಿಗೆ ಹುಡುಕಿಕೊಂಡು ನೇರ ಹಿತ್ತಲಿಗೆ ನಡೆದ. ಮಳೆಗೆ ಜಂಗು ಹಿಡಿದ ಮೊಳೆಗಳು ಕಿರುಗುಟ್ಟುತ್ತ ಒಂದೊಂದಾಗಿ ಹೊರಬಂದವು. ಲುದಿಯಾ ಅವನ ಹಿಂದೆಯೇ ಬಂದು ನಿಂತಳು. ಆಚೆಯಿಂದ ದನಿ ಬಂತು.

"ಯಾರದು? ಕಳ್ಳರೇನು? ಇನ್ನೂ ಹೊತ್ತು ಮುಳುಗಿಲ್ಲೋ, ಆಮ್ಯಾಲ ಬರ್ರಿ!"

ಹಲಗೆ ಬಿತ್ತು. ದಿಡ್ಡಿಯ ಆಚೆ ಸೊಂಟದ ಮೇಲೆ ಕೈಯಿಟ್ಟು ಗಂಗವ್ವ, ಅವಳ ಹಿಂದೆ ಆಡು.

"ಅಕ್ಕಾ, ಆವತ್ತು ನಾ ಆಡಿದ್ದು ತಪ್ಪಾತು" ಎಂದ ಸಿಲ್ವಾನಪ್ಪ. "ಒಂದು ಮಾತು ಕೇಳಬೇಕು. ನಾ ಎಂಥಾ ಮನಷ್ಯಾ?"

ಗಂಗವ್ವ ಹುಬ್ಬು ಏರಿಸಿದಳು. "ಖರೇ ಹೇಳಲ್ಯೋ, ಚಂದ ಕಾಣೂಹಂಗ ಹೇಳಲ್ಯೋ?"

"ಖರೇನ ಹೇಳು."

"ಹಾಡಾಕ ನಿಂತರ ದೇವರ ಇಳದು ಬರಬೇಕು. ಮಾತಾಡಾಕ ನಿಂತರ ಬಂದ ದೇವರೂ ಎದ್ದು ಹೋಗಬೇಕು. ಆಡಿಗೆ ಬುದ್ಧಿ ಇಲ್ಲ ಖರೆ. ಮಾಸ್ತರಗರ ಇರಬಾರದೇನು? ಈ ಹುಡುಗಿ ನನ್ನ ಮಾರಿ ನೋಡದ ಸೊರಗಿ ಕಡ್ಡಿ ಆಗ್ಯಾಳ, ಅದಾದರೂ ಕಣ್ಣಿಗೆ ಬಿತ್ತೇನು?" ಅಷ್ಟು ಹೇಳಿ ಅವಳು ಲುದಿಯಾಳ ಕಡೆ ತಿರುಗಿದಳು. "ತಂಗಿ, ರೊಟ್ಟಿ ಬಡಿಯೂದು ನೆನಪೈತೋ, ಮತ್ತ ಗಂಜಿ ಕುಡಿಯಾಕ ಹತ್ತಿಯೋ?"

ಲುದಿಯಾ ಬಗ್ಗಿ ದಿಡ್ಡಿ ದಾಟಿದಳು. ಆಮೇಲೆ ಆ ಇಬ್ಬರು ಏನು ಮಾತಾಡಿದರೋ ಅವರಿಗೇ ಗೊತ್ತು. ಅಳು ನಗು ಎರಡೂ ಒಟ್ಟಿಗೇ ಕೇಳಿಸುತ್ತಿದ್ದವು. ವೀರಭದ್ರಪ್ಪ ಮಗ್ಗ ನಿಲ್ಲಿಸಿ ಬಂದು ಇಣುಕಿ ನೋಡಿ, ತನ್ನ ಅವಶ್ಯಕತೆ ಇಲ್ಲವೆಂದು ತಿಳಿದು ವಾಪಸು ಹೋದ.

ಆ ವರ್ಷ ಸಿಲ್ವಾನಪ್ಪ ತನ್ನ ಹೆಸರನ್ನು ಹಿಂದಕ್ಕೆ ತೆಗೆದುಕೊಂಡ. "ನಾ ಇನ್ನೂ ಒಂದ ಸಾಲಿನ ಮ್ಯಾಲ ಅದೀನಿ" ಎಂದ. ಜನಕ್ಕೆ ಅರ್ಥವಾಗಲಿಲ್ಲ, ಅಯ್ಯನವರಿಗೆ ಆಯಿತು. ಮರುವಾರವೇ ಅವರು ಮೂರು ಪುಸ್ತಕಗಳಲ್ಲಿ ಮೊದಲನೆಯದನ್ನು ಲುದಿಯಾಳ ಕೈಯಲ್ಲಿ ಕಳಿಸಿದರು. ಆ ವರ್ಷ ಪೂರ್ತಿ ಅವನು ಓದಿದ. ಓಣಿಯಲ್ಲಿ ಯಾರಿಗೆ ಜ್ವರ ಬಂದರೂ, ಯಾರ ಮನೆಯಲ್ಲಿ ಸಾವಾದರೂ, ಯಾವ ದೇವರ ಮನೆಯೆಂದು ನೋಡದೆ ಹೋಗಿ ಕೂತ. ಅವನ ಮಾತು ಸ್ವಲ್ಪ ಕಡಿಮೆಯಾಯಿತೆಂದು ಶಾಲೆಯ ಹುಡುಗರೇ ಹೇಳತೊಡಗಿದರು.

ಮರುವರ್ಷ ಹಿರಿಯರ ಸ್ಥಾಪನೆ ಗರಿಗಳ ಭಾನುವಾರದಂದೇ ಬಂತು. ಗರಿಗಳನ್ನು ತಂದವನು ವೀರಭದ್ರಪ್ಪ. ದಿಡ್ಡಿಯಿಂದ ಹೊತ್ತು ಹಾಕಿದ. ಒಂದು ಗರಿ ಮಾತ್ರ ಆಡಿನ ಪಾಲೆಂದು ಮೊದಲೇ ತೆಗೆದಿಟ್ಟಾಗಿತ್ತು. ದೇವಾಲಯದ ಬಾಗಿಲಲ್ಲಿ ಅವನೂ ಗಂಗವ್ವನೂ ಬಂದು ನಿಂತರು. ಅಯ್ಯನವರನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿ ತಂದು ಮುಂದಿನ ಸಾಲಿನಲ್ಲಿ ಇಳಿಸಿದ್ದರು.

ಹೊಸ ಸಭಾಪಾಲಕರು ಸಿಲ್ವಾನಪ್ಪನನ್ನು ಮೊಣಕಾಲೂರಿಸಿ, ಕ್ರಮದಂತೆ ಸಭೆಯನ್ನು ಕೇಳಿದರು: "ಇವರು ಈ ಸಭೆಗೆ ಹಿರಿಯರಾಗುವುದಕ್ಕೆ ಯಾರದಾದರೂ ಅಡ್ಡಿಯುಂಟೋ? ಉಂಟಾದರೆ ಈಗಲೇ ಹೇಳಬಹುದು."

ಬಾಗಿಲ ಕಡೆಯಿಂದ, ಮಗ್ಗದ ಸದ್ದನ್ನೂ ಮೀರಿ ಕೂಗಿ ರೂಢಿಯಿದ್ದ ಒಂದು ದನಿ ಎದ್ದಿತು.

"ಅಡ್ಡಿಯಿಲ್ಲ!"

ಸಭಾಪಾಲಕರು ಗಾಬರಿಯಾಗಿ ಅತ್ತ ನೋಡಿದರು. ಆ ಮಾತಿನ ತೂಕ ಬಲ್ಲ ಸಭೆ ಮಾತ್ರ ಒಮ್ಮೆಲೇ ನಕ್ಕಿತು, ಗರಿಗಳೆಲ್ಲ ಅಲುಗಿದವು. ಮೊಣಕಾಲೂರಿದ್ದ ಸಿಲ್ವಾನಪ್ಪನ ಹೆಗಲು ನಡುಗುತ್ತಿತ್ತು. ನಗುತ್ತಿದ್ದನೋ ಅಳುತ್ತಿದ್ದನೋ, ಹಿಂದೆ ಕೂತಿದ್ದ ಲುದಿಯಾಳಿಗೆ ಕಾಣಲಿಲ್ಲ. ಅವಳ ಕಣ್ಣುಗಳೂ ಮಂಜಾಗಿದ್ದವು.

ಗಮಲಿಯೇಲ ಅಯ್ಯನವರು ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಬಾಗಿದರು. "ಹೊರಗಿನವರ ಸಾಕ್ಷಿ ಆತು, ಅಯ್ಯನವರ" ಎಂದರು ಸಭಾಪಾಲಕರಿಗೆ. "ಇನ್ನ ಪ್ರಾರ್ಥನೆ ಮಾಡ್ರಿ."