ಬಣ್ಣವಿಲ್ಲದ ಶೀಷೆ

"ಬುದ್ಧಿ, ಸುಮ್ಮನಿರುವುದೂ ತಪ್ಪೇ?" ಎಂದು ಗುರುಶಾಂತ ಕೇಳಿದ.

ಅವನು ಮಠದಲ್ಲಿದ್ದು ಓದುತ್ತಿದ್ದ ಶಿಷ್ಯ. ಹಿರಿಯ ಸ್ವಾಮಿಗಳು ಆಗಷ್ಟೇ ಪೂಜೆ ಮುಗಿಸಿ ಜಗಲಿಗೆ ಬಂದು ಕುಳಿತಿದ್ದರು.

"ಯಾಕೆ ಕೇಳುತ್ತೀ?" ಎಂದರು.

"ನನ್ನ ಜೊತೆಯ ಮಹಾಂತ ಚಿಕ್ಕ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾನೆ. ಒಂದು ಕಡೆ ತಪ್ಪಾಗಿ ಹೇಳಿಕೊಡುತ್ತಿದ್ದಾನೆ. ಅದು ನನಗೆ ಗೊತ್ತು. ಅವನಿಗೆ ಹೇಳಿಲ್ಲ. ಎಲ್ಲರೂ ಅವನನ್ನೇ ಹೊಗಳುತ್ತಾರೆ ಬುದ್ಧಿ. ತಾವೂ ಹೊಗಳುತ್ತೀರಿ."

ಸ್ವಾಮಿಗಳು ಒಂದು ಕತೆ ಹೇಳಿದರು.

ಒಂದು ಊರಿನ ಆಸ್ಪತ್ರೆಯಲ್ಲಿ ಒಬ್ಬ ವೈದ್ಯನಿದ್ದ. ಅವನು ನಾಡಿ ಹಿಡಿದು ನೋಡುವವನಲ್ಲ, ಔಷಧಿ ಬರೆಯುವವನೂ ಅಲ್ಲ. ರೋಗಿಯ ದೇಹದಿಂದ ತೆಗೆದ ಮಾಂಸದ ಚೂರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ, ಒಳಗೆ ಏನಾಗಿದೆ ಎಂದು ಹೇಳುವವನು. ಅವನ ಮಾತಿನ ಮೇಲೆ ಉಳಿದವರ ಚಿಕಿತ್ಸೆ ನಡೆಯುತ್ತಿತ್ತು. ಹಾಗಾಗಿ ಬಹಳ ವರ್ಷ ಆ ಆಸ್ಪತ್ರೆಯಲ್ಲಿ ಅವನಿಗೆ ಗೌರವವಿತ್ತು.

ಮಕ್ಕಳಾಗದ ಗಂಡಸರೂ ಅಲ್ಲಿಗೆ ಬರುತ್ತಿದ್ದರು. ಅವರ ವೀರ್ಯದಲ್ಲಿ ವೀರ್ಯಾಣು ಕಾಣದಿದ್ದರೆ ಕಾರಣ ಎರಡರಲ್ಲಿ ಒಂದು. ವೃಷಣದಲ್ಲಿ ವೀರ್ಯಾಣು ಹುಟ್ಟುವುದೇ ಇಲ್ಲ, ಅಥವಾ ಹುಟ್ಟುತ್ತದೆ, ಹೊರಗೆ ಬರುವ ದಾರಿ ಮುಚ್ಚಿದೆ. ದಾರಿ ಮುಚ್ಚಿದ್ದರೆ ಎಷ್ಟೋ ಜನರಿಗೆ ಅದನ್ನು ಸರಿಮಾಡಬಹುದು. ಯಾವುದೆಂದು ತಿಳಿಯಲು ವೃಷಣದಿಂದ ಜೋಳದ ಕಾಳಿನಷ್ಟು ಚೂರು ತೆಗೆದು ನೋಡಬೇಕು.

ಆ ಚೂರು ಬಹಳ ನಾಜೂಕು. ಬೇರೆ ಚೂರುಗಳನ್ನೆಲ್ಲ ಕೆಡದಂತೆ ಇಡುವುದು ಫಾರ್ಮಲಿನ್‌ನಲ್ಲಿ. ಅದಕ್ಕೆ ನೀರಿನ ಹಾಗೆ ಬಣ್ಣವಿಲ್ಲ. ವೃಷಣದ ಚೂರನ್ನು ಅದರಲ್ಲಿ ಹಾಕಿದರೆ ಒಳಗಿನ ಜೀವಕೋಶಗಳ ಸಾಲುಗಳು ಕುಗ್ಗಿ, ಕಳಚಿ, ಒಂದರೊಳಗೊಂದು ಬೆರೆತುಹೋಗುತ್ತವೆ. ಅದಕ್ಕೆ ಬೌಯಿನ್ ಎಂಬ ಹಳದಿ ದ್ರಾವಣ ಬೇಕು. ಹಿಂದೆ ಇದ್ದ ಶಸ್ತ್ರವೈದ್ಯನಿಗೆ ಇದು ತಿಳಿದಿತ್ತು. ಅವನು ಕೇಳಿದಾಗಲೆಲ್ಲ ನಮ್ಮ ವೈದ್ಯನೇ ಹಳದಿ ದ್ರಾವಣ ಮಾಡಿ ಕಳಿಸುತ್ತಿದ್ದ.

ಆ ಶಸ್ತ್ರವೈದ್ಯ ನಿವೃತ್ತನಾದ. ಅವನ ಜಾಗಕ್ಕೆ ಒಬ್ಬ ಕಿರಿಯ ವೈದ್ಯ ಬಂದ.

ಕಿರಿಯನ ಕೈ ಚುರುಕು, ಮಾತು ಮೆತ್ತಗೆ. ಸ್ವಲ್ಪ ದಿನದಲ್ಲೇ ಸುತ್ತಲಿನ ಊರುಗಳಿಂದ ಜನ ಅವನ ಹೆಸರು ಹೇಳಿಕೊಂಡು ಬರತೊಡಗಿದರು. ಅವನ ಕೋಣೆಯ ಮುಂದೆ ಬಿಟ್ಟ ಚಪ್ಪಲಿಗಳನ್ನು ಚೂರು ನೋಡುವ ಹಿರಿಯ ವೈದ್ಯ ಹೋಗುತ್ತ ಬರುತ್ತ ನೋಡುತ್ತಿದ್ದ. ಚಪ್ಪಲಿ ಕಡಿಮೆ ಇದ್ದ ದಿನ ಅವನಿಗೆ ಊಟ ರುಚಿಸುತ್ತಿತ್ತು. ಕಿರಿಯನ ಕಾರು ಆಸ್ಪತ್ರೆಯ ಗೇಟಿನಲ್ಲಿ ಕೆಟ್ಟು ನಿಂತರೆ ಕಿಟಕಿಯಿಂದ ನೋಡಿ ಸಮಾಧಾನಪಡುತ್ತಿದ್ದ. ಒಂದು ದಿನ ಅವನ ತಾಯಿಯೇ ಕಿರಿಯನಿಗೆ ಮಂಡಿನೋವು ತೋರಿಸಿಕೊಂಡು ಬಂದು, "ಎಷ್ಟು ನಯವಾದ ಹುಡುಗನಪ್ಪ" ಎಂದಳು. ಅಂದು ಅವನು ತಾಯಿಯ ಜೊತೆ ಮಾತಾಡಲಿಲ್ಲ.

ಹೀಗಿರುವಾಗ ಕಿರಿಯ ವೈದ್ಯನಿಂದ ಮೊದಲ ವೃಷಣದ ಚೂರು ಬಂತು. ಶೀಷೆಯಲ್ಲಿದ್ದ ದ್ರವಕ್ಕೆ ಬಣ್ಣವಿರಲಿಲ್ಲ. ಹಿರಿಯನಿಗೆ ನೋಡಿದ ಕೂಡಲೇ ಗೊತ್ತಾಯಿತು. ಹೇಳೋಣವೆಂದು ಫೋನ್ ಎತ್ತಿದ. ಅಷ್ಟರಲ್ಲಿ ಹೊರಗೆ ಯಾರೋ ಕಿರಿಯನ ಕೋಣೆಗೆ ದಾರಿ ಕೇಳುತ್ತಿದ್ದರು. ಅವನು ಫೋನ್ ಕೆಳಗಿಟ್ಟ. ಅಷ್ಟು ದೊಡ್ಡ ವೈದ್ಯ, ಬೇಕಾದರೆ ಬಂದು ಕೇಳಲಿ ಎಂದುಕೊಂಡ.

ಅವನು ಸುಳ್ಳು ಬರೆಯಲಿಲ್ಲ. 'ಅಂಗಾಂಶ ಕುಗ್ಗಿದೆ, ಖಚಿತವಾಗಿ ಹೇಳಲಾಗದು' ಎಂದು ಬರೆದ. ಅದು ನಿಜವೇ ಆಗಿತ್ತು. ಮುಂದೆ ಬಂದ ಚೂರುಗಳಿಗೂ ಹಾಗೆಯೇ ಬರೆದ. ಮಕ್ಕಳಿಲ್ಲದವರ ಪರೀಕ್ಷೆ ಕಿರಿಯನ ಕೈಯಲ್ಲಿ ಕೂಡಿಬರುವುದಿಲ್ಲವಂತೆ ಎಂದು ಜನ ಆಡಿಕೊಂಡರು. ಆ ಮಾತನ್ನು ಹಿರಿಯ ಎರಡನೆಯ ಸಲವೂ ಹೇಳಿಸಿಕೊಂಡು ಕೇಳಿದ.

ಆ ಚೂರುಗಳಲ್ಲಿ ಒಂದು, ಊರಿನ ಬಳೆಗಾರನದು.

ಬಳೆಗಾರನಿಗೆ ಮದುವೆಯಾಗಿ ಬಹಳ ವರ್ಷವಾಗಿತ್ತು. ಅಂಡವಾಯುವಿಗೆ ಆಪರೇಷನ್ ಎಂದು ಮನೆಯಲ್ಲಿ ಹೇಳಿ ಬಂದು ಚೂರು ಕೊಟ್ಟಿದ್ದ. ಕಿರಿಯ ವೈದ್ಯ ಅವನಿಗೆ, "ಸರಿಯಾಗಿ ತಿಳಿಯಲಿಲ್ಲ, ಇನ್ನೊಂದು ಸಲ ತೆಗೆಯಬೇಕಾಗುತ್ತದೆ" ಎಂದ. ಬಳೆಗಾರನಿಗೆ ಗಾಬರಿಯಾಯಿತು. ಚೂರನ್ನು ನೋಡಿದವರು ಯಾರೆಂದು ವಿಚಾರಿಸಿಕೊಂಡು ಹಿರಿಯ ವೈದ್ಯನ ಬಳಿಗೆ ಬಂದ.

"ಸ್ವಾಮಿ, ನನ್ನದನ್ನು ನೋಡಿದವರು ತಾವೇ ಅಂತೆ. ಇದೆಯೋ ಇಲ್ಲವೋ, ಒಂದು ಮಾತು ಹೇಳಿಬಿಡಿ."

"ಚೂರು ಕೆಟ್ಟಿದೆ. ಹೇಳಲು ಬರುವುದಿಲ್ಲ" ಎಂದ ಹಿರಿಯ ವೈದ್ಯ.

"ಯಾಕೆ ಕೆಟ್ಟಿತು ಸ್ವಾಮಿ?"

"ತೆಗೆದವರನ್ನೇ ಕೇಳು."

ಬಳೆಗಾರ ತೆಗೆದವರನ್ನು ಕೇಳಲು ಹೋಗಲಿಲ್ಲ. ಚೂರು ಕೆಟ್ಟಿದೆ ಎಂಬ ಮಾತಿಗೆ ಅವನು ಒಂದೇ ಅರ್ಥ ಮಾಡಿಕೊಂಡ. ಕೆಟ್ಟದ್ದು ತನ್ನ ಮೈ. ಅವನು ಮನೆಗೆ ಹೋಗಿ ಹೆಂಡತಿಗೆ ಹೇಳಿದ, "ನನ್ನದು ಕೆಟ್ಟುಹೋಗಿದೆಯಂತೆ. ನೀನಾದರೂ ಬೇರೆ ಮನೆ ಸೇರಿ ಬದುಕು." ಅವಳು ಒಪ್ಪಲಿಲ್ಲ. ಅತ್ತಳು, ಜಗಳವಾಡಿದಳು. ಅವನು ಅವಳೊಡನೆ ಮಾತು ಬಿಟ್ಟ. ಊಟ ಬಡಿಸಿದರೆ ಎದ್ದುಹೋಗುತ್ತಿದ್ದ. ಕಡೆಗೆ ಅವಳು ಸೋತಳು. ಎರಡೂ ಕಡೆಯ ಹಿರಿಯರು ಕೂಡಿ ಬಿಡುಗಡೆ ಮಾಡಿಸಿದರು. ತವರಿನವರು ಅವಳನ್ನು ಅದೇ ಊರಿನ ಬೇರೊಂದು ಮನೆಗೆ ಕೊಟ್ಟರು.

ಕೆಲವು ವರ್ಷ ಕಳೆಯಿತು. ಬೇರೆ ಊರಿನ ವೈದ್ಯನೊಬ್ಬ ಆಸ್ಪತ್ರೆ ನೋಡಲು ಬಂದಾಗ, ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ವೃಷಣದ ಚೂರಿನ ಶೀಷೆ ಎತ್ತಿ, "ಇದಕ್ಕೂ ಫಾರ್ಮಲಿನ್ ಹಾಕುತ್ತೀರಾ?" ಎಂದು ಕೇಳಿದ. ಕಿರಿಯ ವೈದ್ಯ ಅಲ್ಲಿಂದ ನೇರವಾಗಿ ಹಿರಿಯನ ಕೋಣೆಗೆ ಬಂದ.

"ಈ ಚೂರನ್ನು ಹಳದಿ ದ್ರಾವಣದಲ್ಲಿ ಇಡಬೇಕಂತೆ. ನಿಮಗೆ ಗೊತ್ತಿತ್ತೇ ಸರ್?"

"ಗೊತ್ತಿತ್ತು."

"ಹೇಳಬಾರದಿತ್ತೇ?"

"ನೀವು ಕೇಳಲಿಲ್ಲ."

ಕಿರಿಯ ಜಗಳಕ್ಕೆ ನಿಲ್ಲುತ್ತಾನೆ ಎಂದು ಹಿರಿಯ ಕಾದ. ಅವನು ನಿಲ್ಲಲಿಲ್ಲ. "ಹೌದು, ಕೇಳಬೇಕಾಗಿತ್ತು. ಇನ್ನು ಮೇಲೆ ದ್ರಾವಣ ನೀವೇ ಮಾಡಿಕೊಡಿ" ಎಂದು ಕೈಮುಗಿದು ಹೋದ. ಆ ತಾಳ್ಮೆಯನ್ನು ಕಂಡೂ ಹಿರಿಯನ ಹೊಟ್ಟೆ ಉರಿಯಿತು.

ಕಿರಿಯ ವೈದ್ಯ ಹಳೆಯ ರೋಗಿಗಳ ಮನೆಗಳಿಗೆ ತಾನೇ ಹೋದ. ತಪ್ಪು ತನ್ನದೆಂದು ಹೇಳಿ ಕರೆದ. ಬೈದವರೂ ಇದ್ದರು, ಬಂದವರೂ ಇದ್ದರು. ಬಳೆಗಾರ ಮೊದಲು ಬೇಡವೆಂದ. ಆಮೇಲೆ, ತಿಳಿದುಕೊಳ್ಳಲಾದರೂ ಇರಲಿ ಎಂದು ಬಂದ. ಈ ಸಲ ಚೂರು ಹಳದಿ ಶೀಷೆಯಲ್ಲಿ ಹೋಯಿತು.

ಹಿರಿಯ ವೈದ್ಯ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ. ಸಾಲುಗಳು ಕದಡಿರಲಿಲ್ಲ. ಎಳೆಯವು, ಬಲಿತವು, ಬಾಲ ಮೂಡಿದವು, ಎಲ್ಲವೂ ತಮ್ಮ ತಮ್ಮ ಜಾಗದಲ್ಲಿದ್ದವು. ವೀರ್ಯಾಣು ಧಾರಾಳವಾಗಿ ಹುಟ್ಟುತ್ತಿತ್ತು. ಮುಚ್ಚಿದ್ದು ದಾರಿ ಮಾತ್ರ. ಅವನು ಬಹಳ ಹೊತ್ತು ತಲೆ ಎತ್ತಲಿಲ್ಲ. ಇದನ್ನು ತಾನೇ ಹೋಗಿ ಹೇಳಬೇಕೆನ್ನಿಸಿತು. ಸಂಜೆ ಬಳೆಯಂಗಡಿಗೆ ನಡೆದುಕೊಂಡು ಹೋದ.

"ನಿನ್ನಲ್ಲಿ ಏನೂ ಕೆಟ್ಟಿಲ್ಲ" ಎಂದ. "ದಾರಿ ಮುಚ್ಚಿದೆ ಅಷ್ಟೆ. ಸರಿಮಾಡಿ ನೋಡಬಹುದು."

ಬಳೆಗಾರ ಅವನ ಮುಖ ನೋಡಿದ. "ಹಿಂದಿನ ಸಲವೂ ಹೀಗೇ ಇತ್ತೇ ಸ್ವಾಮಿ?"

"ಇದ್ದಿರಬೇಕು. ಅಂದು ಚೂರನ್ನು ಹಾಕಿದ ದ್ರವ ಸರಿಯಿರಲಿಲ್ಲ. ಕೆಟ್ಟಿದ್ದು ಚೂರು, ನೀನಲ್ಲ."

ಬಳೆಗಾರ ಕೂಗಾಡಲಿಲ್ಲ. ಎದುರಿಗೆ ಹರಡಿದ್ದ ಬಳೆಗಳನ್ನು ದಾರಕ್ಕೆ ಪೋಣಿಸಿ ತೆಗೆದಿಟ್ಟ.

"ಹೋದ ವಾರ ಅವಳ ಸೀಮಂತವಾಯಿತು" ಎಂದ. "ಹಸಿರು ಬಳೆಗೆ ಆ ಮನೆಯವರು ನನ್ನ ಅಂಗಡಿಗೇ ಬಂದಿದ್ದರು. ಕೈಯಳತೆ ಅವರಿಗೆ ಗೊತ್ತಿರಲಿಲ್ಲ. ನಾನೇ ಆರಿಸಿಕೊಟ್ಟೆ."

ಹಿರಿಯ ವೈದ್ಯ ಏನೋ ಹೇಳಲು ಹೋದ. ಬಳೆಗಾರ ಅಂಗಡಿಯ ಬಾಗಿಲು ಎಳೆದುಕೊಂಡ.

ಸ್ವಾಮಿಗಳು ಇಲ್ಲಿಗೆ ನಿಲ್ಲಿಸಿದರು.

ಗುರುಶಾಂತ ಹೇಳಿದ, "ಆ ವೈದ್ಯ ಕಿರಿಯವನಿಗೆ ಕೇಡು ಬಯಸಿದ, ಬುದ್ಧಿ. ನಾನು ಹಾಗಲ್ಲ. ಆ ಮಕ್ಕಳಿಗಂತೂ ನಾನು ಯಾವ ಕೇಡನ್ನೂ ಬಯಸಿಲ್ಲ."

"ಬಳೆಗಾರನಿಗೆ ಆ ವೈದ್ಯನೂ ಬಯಸಿರಲಿಲ್ಲ" ಎಂದರು ಸ್ವಾಮಿಗಳು.